ಸೈಕಲ್ಲಿಗೆ ಬೀಗ: ಕೊಳ್ಳುವ ಕ್ರಮ, ಹಾಕುವ ಕ್ರಮ



ನಮ್ಮ ಬಿದರಹಳ್ಳಿ ಹೋಬಳಿಯ ಊರುಗಳಿಂದ ಕೃಷ್ಣರಾಜಪುರದವರೆಗೆ ಸೈಕಲ್ಲು ತುಳಿದು, ಅಲ್ಲಿ ರೈಲನ್ನೋ ಮೆಟ್ರೋವನ್ನೋ ಹಿಡಿದು ಕೆಲಸಕ್ಕೆ ಹೋಗುವವರು ನಿಮ್ಮಲ್ಲಿದ್ದೀರಿ. 2023ರಲ್ಲಿ ಮೆಟ್ರೋ ದಾರಿ ಕೃಷ್ಣರಾಜಪುರವನ್ನು ಮುಟ್ಟಿದ ಮೇಲೆ ಇಂದಿರಾನಗರ, ಹಲಸೂರುಗಳು ಹತ್ತಿರವಾದವು. ಆದರೆ ಸವಾರನು ಪಟ್ಟಣದಲ್ಲಿರುವಾಗ ಸೈಕಲ್ಲು ಬೆಳಗಿನಿಂದ ಸಂಜೆಯವರೆಗೆ ಒಂಟಿಯಾಗಿ ನಿಂತಿರುತ್ತದೆ. ಕಳ್ಳನಿಗೆ ಬೇಕಾದುದು ಅಷ್ಟೇ ಬಿಡುವು.

ಸೈಕಲ್ಲು ಹೋದರೆ ಹಣವೊಂದೇ ಹೋಗುವುದಿಲ್ಲ. ದುಡಿಯುವವನಿಗೆ ಹೊತ್ತು ತಪ್ಪಿ ಕೂಲಿ ಹೋಗುತ್ತದೆ. ಪ್ರೌಢಶಾಲೆ ದೂರವಿರುವ ಹುಡುಗಿಯ ಓದೇ ನಿಂತೀತು. ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರವು 2006-07ರಿಂದ ಹಲವು ವರ್ಷ ಸೈಕಲ್ಲು ಹಂಚಿದ್ದು ಈ ಓದು ನಿಲ್ಲಬಾರದೆಂದೇ ಅಲ್ಲವೇ?

ಬೀಗ ಹಾಕಿದ ಸೈಕಲ್ಲೂ ಕಳವಾಗುವುದುಂಟು. ಕಾರಣವೇನು? ಹಿಂದಿನ ಚಕ್ರಕ್ಕೆ ಕೂಡಿಸಿರುವ ಬಳೆಯಂಥ ಬೀಗ ಚಕ್ರವನ್ನು ತಿರುಗಗೊಡದು, ಅಷ್ಟೇ. ಕುರಿಯ ಕಾಲು ಕಟ್ಟಿ ಬಯಲಲ್ಲಿ ಬಿಟ್ಟರೆ ಅದು ಓಡಲಾರದು. ಹೆಗಲ ಮೇಲೆ ಹೊತ್ತೊಯ್ಯುವವನಿಗೆ ಅಡ್ಡಿಯೇನು? ಸುಮಾರು 20 ಕಿಲೋ ತೂಕದ ಸೈಕಲ್ಲನ್ನು ಟೆಂಪೋಗೆ ಎತ್ತಿಹಾಕುವುದು ಕ್ಷಣದ ಕೆಲಸ. ಆದ್ದರಿಂದ ಮೊದಲನೆಯ ಮಾತು: ಸೈಕಲ್ಲನ್ನು ನೆಲದಲ್ಲಿ ನೆಟ್ಟ ಗಟ್ಟಿ ವಸ್ತುವಿಗೆ ಕಟ್ಟಿರಿ.

ಈಗ ಬೀಗಗಳ ಗುಣದೋಷ. ಪ್ಲಾಸ್ಟಿಕ್ ಹೊದಿಸಿದ ತಂತಿಯ ಬೀಗ ಹಗುರ, ಅಗ್ಗ. ಕೈಯಲ್ಲಿ ಹಿಡಿಯುವ ಕಟ್ಟರಿಗೆ ತುಂಡಾಗುತ್ತದೆ. ಅದು ಕಣ್ಣೆದುರಿಗಿರುವ ಸೈಕಲ್ಲಿಗೆ ಸಾಕು, ದಿನವಿಡೀ ನಿಲ್ಲಿಸುವುದಕ್ಕೆ ಸಾಲದು. ಗಟ್ಟಿ ಉಕ್ಕಿನ ದಪ್ಪ ಸರಪಳಿ ಭಾರವಾದರೂ ಎಂಥ ಕಂಬಕ್ಕೂ ಒಗ್ಗುತ್ತದೆ. ಅದಕ್ಕೆ ಹಾಕುವ ಬೀಗವೂ ಸರಪಳಿಯಷ್ಟೇ ಗಟ್ಟಿಯಿರಬೇಕು. ಇಂಗ್ಲಿಷಿನ ಯು ಅಕ್ಷರದಂತೆ ಬಾಗಿದ ಉಕ್ಕಿನ ಸಲಾಕೆಯ ಬೀಗ ಮುರಿಯುವುದು ಹೆಚ್ಚು ಕಷ್ಟ. ಕಲ್ಲು ಕತ್ತರಿಸುವ ಯಂತ್ರ ತಂದವನ ಮುಂದೆ ಯಾವ ಬೀಗವೂ ನಿಲ್ಲದು, ನಿಜ. ಆದರೆ ಕಳ್ಳನ ಕೆಲಸಕ್ಕೆ ಸದ್ದೂ ಹೊತ್ತೂ ಹೆಚ್ಚಿದಷ್ಟೂ ಅವನ ಧೈರ್ಯ ಕುಂದುತ್ತದೆ. ಸಂಖ್ಯೆಯ ಬೀಗ ಕೊಂಡರೆ ಅಂಗಡಿಯಿಂದ ಬಂದ ಸಂಖ್ಯೆಯನ್ನು ಮೊದಲು ಬದಲಿಸಿರಿ. ಹಾಕಿದ ಮೇಲೆ ಎಲ್ಲ ಅಂಕಿಗಳನ್ನೂ ತಿರುಗಿಸಿರಿ.

ಹಾಕುವ ಕ್ರಮ ಹೀಗೆ: ಬೀಗವು ಫ್ರೇಮು, ಒಂದು ಚಕ್ರ, ಕಂಬ ಈ ಮೂರನ್ನೂ ಹಿಡಿಯಬೇಕು. ಮುಂದಿನ ಚಕ್ರವನ್ನು ಮಾತ್ರ ಕಟ್ಟಿದರೆ ಚಕ್ರ ಉಳಿದು ಸೈಕಲ್ಲು ಹೋದೀತು. ಎಳೆಯ ಗಿಡಕ್ಕಾಗಲಿ, ಮೇಲಿನಿಂದ ಎತ್ತಿ ತೆಗೆಯಬಹುದಾದ ಗಿಡ್ಡ ಕಂಬಕ್ಕಾಗಲಿ ಕಟ್ಟಬಾರದು. ಬೀಗ ನೆಲಕ್ಕೆ ತಾಗುವಂತಿದ್ದರೆ ಸುತ್ತಿಗೆಯ ಏಟಿಗೆ ಅನುಕೂಲ. ಸಡಿಲವಾಗಿದ್ದರೆ ಹಾರೆ ತೂರಿಸಲು ಅನುಕೂಲ. ಕೀಲಿಯ ರಂಧ್ರ ಕೆಳಮುಖವಾಗಿದ್ದರೆ ಮಳೆನೀರು ಇಳಿಯದು. ಚಕ್ರದ ಹಳೆಯ ಬೀಗವನ್ನು ಬಿಡಬೇಡಿರಿ, ಎರಡೂ ಇರಲಿ.

ಶಿವಾಜಿನಗರದ ರಸೆಲ್ ಮಾರುಕಟ್ಟೆಯಂಥ ಸಂದಣಿಯಲ್ಲಿ, "ಇಷ್ಟು ಜನರಿದ್ದಾರಲ್ಲ" ಎಂದು ನಂಬಬೇಡಿರಿ. ಅಲ್ಲಿ ಯಾರ ಸೈಕಲ್ಲನ್ನು ಯಾರು ಒಯ್ದರೆಂದು ನೋಡುವವರಿಲ್ಲ. ಕಾವಲಿರುವ ಸ್ಟ್ಯಾಂಡು ಸಿಕ್ಕರೆ ಬಾಡಿಗೆ ಕೊಟ್ಟು ನಿಲ್ಲಿಸಿ, ಚೀಟಿಯನ್ನು ಜೇಬಿನಲ್ಲಿಡಿರಿ. ರಾತ್ರಿ ಮನೆಯಲ್ಲಿಯೂ ಜಗಲಿಯ ಮೇಲೆ ಬಿಡದೆ ಒಳಗಿಡಿರಿ.

ಇನ್ನೊಂದು ಮುಖ್ಯ ಮಾತು. ಹಿಂದೆ ಪುರಸಭೆಗಳು ಸೈಕಲ್ಲಿಗೆ ತೆರಿಗೆ ಪಡೆದು ಬಿಲ್ಲೆ ಕೊಡುತ್ತಿದ್ದವು. ಈಗ ಅದಿಲ್ಲ. ಫ್ರೇಮಿನ ಮೇಲೆ ಕೆತ್ತಿರುವ ಸಂಖ್ಯೆಯೇ ಈಗಿನ ಗುರುತು. ಸೀಟಿನ ಕೆಳಗಿನ ಕೊಳವೆಯ ಮೇಲೋ, ಪೆಡಲು ತಿರುಗುವ ಅಚ್ಚಿನ ಅಡಿಯಲ್ಲೋ ಹುಡುಕಿರಿ. ಅದನ್ನು ಬರೆದಿಟ್ಟು, ಸೈಕಲ್ಲಿನ ಒಂದು ಚಿತ್ರ ತೆಗೆದು, ಅಂಗಡಿಯ ರಸೀದಿಯೊಡನೆ ಇಡಿರಿ. ಕಳವಾದರೆ ತಡಮಾಡದೆ ಪೊಲೀಸು ಠಾಣೆಗೆ ಹೋಗಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಲ್ಲಿ ಕಳವಿನ ಮಾಲು 5,000 ರೂಪಾಯಿಗಿಂತ ಕಡಿಮೆಯೋ ಅಲ್ಲವೋ ಎಂಬುದು ಲೆಕ್ಕಕ್ಕೆ ಬರುತ್ತದೆ. ಬೆಲೆಗೆ ಸಾಕ್ಷಿ ರಸೀದಿ. ಪ್ರಥಮ ವರ್ತಮಾನ ವರದಿ ದಾಖಲಾದರೆ ಅದರ ಪ್ರತಿಯನ್ನು ದೂರು ಕೊಟ್ಟವರಿಗೆ ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ.

ಅಗ್ಗವೆಂದು ರಸೀದಿಯಿಲ್ಲದ ಹಳೆಯ ಸೈಕಲ್ಲನ್ನು ಕೊಳ್ಳಬೇಡಿರಿ. ಕಳವಿನ ಮಾಲೆಂದು ತಿಳಿದೂ ಕೊಳ್ಳುವುದು ಅಪರಾಧ. ಕೊಳ್ಳುವವರು ಇಲ್ಲದಿದ್ದರೆ ಕದಿಯುವವನಿಗೆ ಲಾಭವೆಲ್ಲಿ?

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಫಲವಿಲ್ಲ. ಈ ಸಂಜೆಯೇ ದೀಪ ಹಿಡಿದು ನಿಮ್ಮ ಸೈಕಲ್ಲಿನ ಸಂಖ್ಯೆಯನ್ನು ಬರೆದುಕೊಳ್ಳಿರಿ. ಓದು ಬಾರದ ನೆರೆಯವರಿದ್ದರೆ ಅವರದನ್ನೂ ಬರೆದುಕೊಡಿರಿ.