ಚಿತ್ರಕ್ಕೆ ವಾಸನೆಯಿಲ್ಲ: ಹಳೆಯ ವಸ್ತು ಮಾರುವವರು ಕೇಳಬೇಕಾದ ದೂರು

(ಸಹ್ಯಾದ್ರಿಯ ಹಳ್ಳಿಗಳಿಂದ ನದಿಯ ಜಾಡು ಹಿಡಿದು ಬಂದ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ತಂಡದ ಮುಂದೆ ತಿಂಥಣಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನೀವು ಬೆಟ್ಟದವರು, ನಾವು ಬಯಲಿನವರು. ಆದರೂ ನಮ್ಮಿಬ್ಬರ ನಡುವೆ ಒಂದು ಹಳೆಯ ನಂಟಿದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ನೀರು ನಾರಾಯಣಪುರದ ಅಣೆಕಟ್ಟೆಯನ್ನು ದಾಟಿ, ಮೌನೇಶ್ವರನ ನೆಲೆಯಾದ ಈ ತಿಂಥಣಿಯ ಮುಂದೆ ಹರಿದುಹೋಗುತ್ತದೆ. ನಿಮ್ಮ ಕಾಡಿನ ಮೇಲೆ ಬಿದ್ದ ಮಳೆಯನ್ನೇ ನಾವು ಕುಡಿಯುತ್ತೇವೆ. ಆದ್ದರಿಂದ ನೀವು ನಮಗೆ ಪರಕೀಯರಲ್ಲ.

ಇಂದು ನಾನು ಆರಿಸಿಕೊಂಡಿರುವ ವಿಷಯವನ್ನು ಕೇಳಿ ಕೆಲವರಿಗೆ ನಗು ಬರಬಹುದು. ಅಣೆಕಟ್ಟು, ಗಣಿ, ನೆಡುತೋಪುಗಳ ಬಗ್ಗೆ ಚರ್ಚಿಸುವ ನಿಮ್ಮಂಥವರ ಮುಂದೆ ನಾನು ಹಳೆಯ ಬಟ್ಟೆಯ ವಾಸನೆಯ ಬಗ್ಗೆ ಮಾತನಾಡಲು ನಿಂತಿದ್ದೇನೆ. ಆದರೆ ಒಂದು ಹತ್ತಿಯ ಅಂಗಿ ತಯಾರಾಗಲು ಸುಮಾರು 2,700 ಲೀಟರ್ ನೀರು ಬೇಕಾಗುತ್ತದೆಂಬ ಅಂದಾಜಿದೆ. ಹತ್ತಿ ಬೆಳೆಯುವ ಈ ನೆಲದವರಿಗೆ ಆ ನೀರು ಎಲ್ಲಿಂದ ಬರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಬಟ್ಟೆ ಇನ್ನೂ ಹತ್ತು ವರ್ಷ ಬಾಳಬಲ್ಲದಾದರೂ ವಾಸನೆಯ ಕಾರಣಕ್ಕೆ ಕಸದ ಗುಂಡಿ ಸೇರುವುದಾದರೆ, ಅದರೊಂದಿಗೆ ನದಿಯ ನೀರೂ ಆ ಗುಂಡಿಯನ್ನೇ ಸೇರಿತೆಂದು ತಿಳಿಯಬೇಕು.

ನಮ್ಮ ಭಾಗದಲ್ಲಿ ಹಳೆಯದನ್ನು ಎಸೆಯುವ ರೂಢಿ ಇರಲಿಲ್ಲ. ಪಾತ್ರೆ ಮಾರುವವರು ಹಳೆಯ ಸೀರೆಗಳನ್ನು ಪಡೆದು ಪಾತ್ರೆ ಕೊಟ್ಟುಹೋಗುತ್ತಿದ್ದರು. ಉಳಿದ ಸೀರೆ, ಧೋತರಗಳು ಪದರ ಪದರವಾಗಿ ಕೂಡಿ ಕೌದಿಯಾಗುತ್ತಿದ್ದವು. ನಿಮ್ಮ ಕಡೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಸಮುದಾಯದ ತಾಯಂದಿರೂ ಹಳೆಯ ಬಟ್ಟೆಯಿಂದಲೇ ಕೌದಿ ಹೊಲಿಯುತ್ತಾರೆ. ಅವರ ಕೌದಿಗಳು ನ್ಯೂಯಾರ್ಕಿನಲ್ಲಿಯೂ ಪ್ರದರ್ಶನಗೊಂಡಿವೆ. ಮರುಬಳಕೆ ಎಂಬ ಮಾತು ಪುಸ್ತಕಕ್ಕೆ ಬರುವ ಮೊದಲೇ ಅದು ನಮ್ಮ ಹೆಣ್ಣುಮಕ್ಕಳ ಸೂಜಿಯ ತುದಿಯಲ್ಲಿತ್ತು.

ಶಿಕ್ಷಕ ವೃತ್ತಿಯಿಂದ ನಿವೃತ್ತಿಯಾದ ಮೇಲೆ ನಾನು ಓಣಿಯ ಕೆಲವು ತಾಯಂದಿರ ಕೌದಿಗಳನ್ನೂ, ಅವುಗಳೊಂದಿಗೆ ಹಳೆಯ ಹಿತ್ತಾಳೆ ಸಾಮಾನು, ಮರದ ಪೆಟ್ಟಿಗೆ, ಪುಸ್ತಕಗಳನ್ನೂ ಮೊಬೈಲಿನ ಮೂಲಕ ದೂರದ ಊರುಗಳಿಗೆ ಮಾರಲು ನೆರವಾಗುತ್ತಿದ್ದೇನೆ. ಜಾತ್ರೆಯಲ್ಲಿ ಕೊಳ್ಳುವವರು ವಸ್ತುವನ್ನು ಮುಟ್ಟಿ, ಮೂಸಿ, ಚೌಕಾಶಿ ಮಾಡಿ ಕೊಳ್ಳುತ್ತಾರೆ. ಮೊಬೈಲಿನಲ್ಲಿ ಬಣ್ಣ ಕಾಣುತ್ತದೆ, ಹೊಲಿಗೆ ಕಾಣುತ್ತದೆ. ಚಿತ್ರಕ್ಕೆ ಮಾತ್ರ ವಾಸನೆಯಿಲ್ಲ. ಈ ಒಂದು ಕೊರತೆಯಿಂದಲೇ ನಮ್ಮ ಅರ್ಧ ಜಗಳಗಳು ಹುಟ್ಟುತ್ತವೆ.

ನನ್ನಿಂದಾದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಒಂದು ಆಷಾಢದಲ್ಲಿ ಬೆಂಗಳೂರಿನ ಒಬ್ಬ ತಾಯಿಗೆ ಕೌದಿಯೊಂದನ್ನು ಕಳುಹಿಸಿದ್ದೆವು. ಎಂಟು ಸೀರೆಗಳು, ಇಪ್ಪತ್ತು ದಿನಗಳ ಹೊಲಿಗೆ. ಮೂರನೆಯ ದಿನ ಅವರಿಂದ ಸಂದೇಶ ಬಂದಿತು: ಕೌದಿಗೆ ಹೊಗೆಯ ವಾಸನೆಯೂ ಮುಗ್ಗಲು ವಾಸನೆಯೂ ಇದೆ, ಮಗು ಹೊದೆಯಲು ಒಲ್ಲದು ಎಂದು. ನನಗೆ ಸಿಟ್ಟು ಬಂದಿತು. ಹಳೆಯ ಬಟ್ಟೆಯೆಂದು ಗೊತ್ತಿದ್ದೇ ಕೊಂಡಿರಿ, ಹೊಸದರ ವಾಸನೆ ಬೇಕಿದ್ದರೆ ಅಂಗಡಿಗೆ ಹೋಗಬಹುದಿತ್ತು ಎಂದು ಉತ್ತರಿಸಿದೆ. ಅವರು ಹಣವನ್ನು ಕೇಳಲಿಲ್ಲ. ಕೌದಿಯನ್ನು ಕಸದ ಗಾಡಿಗೆ ಹಾಕಿದೆನೆಂದು ಒಂದೇ ಸಾಲು ಬರೆದು ಸುಮ್ಮನಾದರು.

ಆ ಕೌದಿಯನ್ನು ಹೊಲಿದ ಹಿರಿಯ ತಾಯಿಗೆ ವಿಷಯ ತಿಳಿಸಿದಾಗ ಅವರು ಹಣದ ಮಾತನ್ನೇ ಎತ್ತಲಿಲ್ಲ. "ಎಸದ್ರಂತೇನ್ರೀ?" ಎಂದು ಎರಡು ಸಲ ಕೇಳಿದರು, ಅಷ್ಟೇ. ಅದರೊಳಗೆ ತೀರಿಹೋದ ಅವರ ಅಕ್ಕನ ಸೀರೆಯೂ ಇತ್ತೆಂಬುದು ನನಗೆ ಆಮೇಲೆ ತಿಳಿಯಿತು. ಕೌದಿಯನ್ನು ಕಸಕ್ಕೆ ಹಾಕಿದ ಕೈ ಆ ಬೆಂಗಳೂರಿನ ತಾಯಿಯದಿರಬಹುದು. ಹಾಕಿಸಿದ್ದು ನನ್ನ ಉತ್ತರ.

ನಮ್ಮ ಮೂಗಿಗೆ ನಮ್ಮ ಮನೆ ತಿಳಿಯದು

ಆ ತಾಯಿ ಸುಳ್ಳು ಹೇಳಿರಲಿಲ್ಲ. ನಾನೂ ಸುಳ್ಳು ಹೇಳಿರಲಿಲ್ಲ. ಕಳುಹಿಸುವ ಮುನ್ನ ಮೂಸಿ ನೋಡಿದ್ದೆ, ಯಾವ ವಾಸನೆಯೂ ಬಂದಿರಲಿಲ್ಲ. ಯಾವುದೇ ವಾಸನೆ ಎಡೆಬಿಡದೆ ಬರುತ್ತಿದ್ದರೆ ನಮ್ಮ ಮೂಗು ಅದಕ್ಕೆ ಒಗ್ಗಿಕೊಂಡು ಅದನ್ನು ಗಮನಿಸುವುದನ್ನೇ ಬಿಡುತ್ತದೆ. ಸೌದೆಯ ಒಲೆಯಿರುವ ಮನೆಯವರಿಗೆ ಹೊಗೆಯ ವಾಸನೆ ತಿಳಿಯದು. ಮಳೆಗಾಲವಿಡೀ ಒದ್ದೆ ಗೋಡೆಗಳ ನಡುವೆ ಇರುವ ನಿಮಗೆ ಮುಗ್ಗಲು ತಿಳಿಯದು. ಆದ್ದರಿಂದ ವಸ್ತುವನ್ನು ಪರೀಕ್ಷಿಸಬೇಕಾದವರು ಮಾರುವವರಲ್ಲ, ಬೇರೆ ಮನೆಯವರು.

ನಾವೀಗ ಅನುಸರಿಸುವ ಕ್ರಮ ಸರಳವಾಗಿದೆ. ವಸ್ತುವನ್ನು ಒಂದು ರಾತ್ರಿ ಚೀಲದಲ್ಲಿ ಬಾಯಿ ಕಟ್ಟಿ ಇಡುತ್ತೇವೆ. ಬೆಳಿಗ್ಗೆ ಬೇರೆ ಓಣಿಯ ಇಬ್ಬರನ್ನು ಕರೆದು, ಅವರ ಮುಂದೆ ಚೀಲವನ್ನು ಬಿಚ್ಚಿ, ಮೊದಲ ಉಸಿರಿಗೆ ಏನು ಬಂದಿತೆಂದು ಕೇಳುತ್ತೇವೆ. ಅಂಚೆಯ ಪೊಟ್ಟಣವನ್ನು ಬಿಚ್ಚುವವರಿಗೂ ಆಗುವ ಅನುಭವ ಅದೇ.

ವಾಸನೆಯ ಮೂಲ

ವಾಸನೆ ಬಂದಿತೆಂದರೆ ಅದಕ್ಕೊಂದು ಕಾರಣವಿದೆ ಎಂದರ್ಥ. ಕಾರಣವನ್ನು ಬಿಟ್ಟು ಅತ್ತರು ಸಿಂಪಡಿಸಿದರೆ ಎರಡು ವಾಸನೆಗಳು ಸೇರಿ ಮೂರನೆಯದೊಂದಾಗುತ್ತದೆ, ಕೊಂಡವರಿಗೆ ಮೋಸದ ಸಂಶಯವೂ ಬರುತ್ತದೆ.

ಮೊದಲನೆಯದು ಮುಗ್ಗಲು. ಗಾಳಿಯಲ್ಲಿ ತೇವಾಂಶ ಶೇಕಡಾ 65-70ನ್ನು ಮೀರಿ ಬಹಳ ದಿನ ನಿಂತರೆ ಬಟ್ಟೆ, ಕಾಗದ, ತೊಗಲುಗಳ ಮೇಲೆ ಬೂಷ್ಟು ಬೆಳೆಯುತ್ತದೆ. ಮೊದಲ ಮಳೆಗೆ ಮಣ್ಣಿನಿಂದೇಳುವ ಪರಿಮಳಕ್ಕೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ಕೆಲವು ಬಗೆಯ ಬೂಷ್ಟುಗಳೂ ಉಂಟುಮಾಡುತ್ತವೆ. ಹೊಲದಲ್ಲಿ ಹಿತವಾದದ್ದು ಹೊದಿಕೆಯಲ್ಲಿ ಅಹಿತವಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ನಮ್ಮಲ್ಲಿ ಅದರ ಏಳನೆಯ ಒಂದು ಪಾಲೂ ಇಲ್ಲ. ಹಾಗಾಗಿ ಈ ತೊಂದರೆ ನಮಗಿಂತ ನಿಮಗೇ ಹೆಚ್ಚು. ಆದರೂ 2009 ಮತ್ತು 2019ರಂಥ ಕೃಷ್ಣೆಯ ನೆರೆಗಳನ್ನು ಕಂಡ ಈ ದಡದವರಿಗೆ ನೆನೆದ ಪೆಟ್ಟಿಗೆಯ ವಾಸನೆ ಏನೆಂದು ಗೊತ್ತಿದೆ.

ಇದಕ್ಕೆ ಪರಿಹಾರ ಹೀಗಿದೆ: ಬೂಷ್ಟನ್ನು ಒಣಗಿದ ಮೇಲೆ, ಬಯಲಿನಲ್ಲಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕುಂಚದಿಂದ ಕೊಡವಬೇಕು. ನಂತರ ಬಿಸಿನೀರು ಮತ್ತು ಸಾಬೂನಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಬಣ್ಣ ಬಿಡುವ ಸೀರೆಗಳಿಗೆ ನಿಮ್ಮ ಕಾಡಿನ ಅಂಟುವಾಳವೇ ಮೇಲು. ಕೌದಿಯ ವಿಷಯದಲ್ಲಿ ನಾವು ಕಲಿತ ದೊಡ್ಡ ಪಾಠವೆಂದರೆ, ವಾಸನೆಯನ್ನು ಕಳೆಯಬೇಕಾದದ್ದು ಕೌದಿಯಿಂದಲ್ಲ, ಸೀರೆಯಿಂದ. ಎಂಟು ಪದರಗಳು ಕೂಡಿದ ಮೇಲೆ ನಡುವಿನ ಪದರ ಸುಲಭವಾಗಿ ಒಣಗದು. ಆದ್ದರಿಂದ ಈಗ ಪ್ರತಿಯೊಂದು ಸೀರೆಯನ್ನೂ ಒಗೆದು, ಒಣಗಿಸಿ, ಮೂಸಿದ ಮೇಲೆಯೇ ಸೂಜಿಗೆ ದಾರ ಏರುತ್ತದೆ.

ಎರಡನೆಯದು ಹೊಗೆ ಮತ್ತು ಎಣ್ಣೆಯ ಕಮಟು. ಇವು ನೂಲಿಗೆ ಅಂಟಿಕೊಳ್ಳುತ್ತವೆ, ಗಾಳಿಗೆ ಹಾಕಿದ ಮಾತ್ರಕ್ಕೆ ಹೋಗಲಾರವು. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ನೆನೆಯಿಟ್ಟು ಎರಡು ಮೂರು ಸಲ ಒಗೆಯಬೇಕಾಗುತ್ತದೆ. ಇಲ್ಲೊಂದು ಎಚ್ಚರಿಕೆಯ ಮಾತಿದೆ. ವಾಸನೆ ಹೋಗಲೆಂದು ಬ್ಲೀಚಿಂಗ್ ಪುಡಿಯ ನೀರಿಗೆ ಹುಳಿ ಪದಾರ್ಥವನ್ನಾಗಲಿ, ಪಾಯಿಖಾನೆ ತೊಳೆಯುವ ಆಸಿಡ್ಡನ್ನಾಗಲಿ ಎಂದಿಗೂ ಬೆರೆಸಬೇಡಿ. ಅದರಿಂದ ಕ್ಲೋರಿನ್ ಅನಿಲ ಏಳುತ್ತದೆ, ಶ್ವಾಸಕೋಶಕ್ಕೆ ಅಪಾಯ.

ಮೂರನೆಯದು ಡಾಂಬರು ಗುಳಿಗೆ, ಅಂದರೆ ನ್ಯಾಫ್ತಲೀನ್. ಇದನ್ನು ಬರೀ ವಾಸನೆಯ ವಿಷಯವೆಂದು ತಿಳಿಯಬಾರದು. ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಹಸುಳೆಗಳಲ್ಲಿ ಇದರ ಹಬೆ ರಕ್ತಕಣಗಳನ್ನು ಒಡೆಯಬಲ್ಲದು. ಮಗುವಿಗೆ ಆ ಕೊರತೆಯಿದೆಯೇ ಎಂಬುದು ಅನೇಕ ಮನೆಗಳಲ್ಲಿ ಗೊತ್ತಿರುವುದಿಲ್ಲ. ಹಾಗಾಗಿ ಗುಳಿಗೆಯ ವಾಸನೆಯಿರುವ ಬಟ್ಟೆಯನ್ನು ಎಳೆಗೂಸಿರುವ ಮನೆಗೆ ಕಳುಹಿಸಲೇಬಾರದು. ವಾರಗಟ್ಟಲೆ ಗಾಳಿಗೆ ತೂಗುಹಾಕಿ, ಆಮೇಲೆ ಒಗೆದು, ಮತ್ತೆ ಪರೀಕ್ಷಿಸಬೇಕು. ನಾವು ಈಗ ಪೆಟ್ಟಿಗೆಗಳಿಗೆ ಒಣಗಿದ ಬೇವಿನೆಲೆಯನ್ನೇ ಹಾಕುತ್ತೇವೆ.

ಪುಸ್ತಕವನ್ನು ಒಗೆಯಲಾಗದು. ಕಾಗದ ಮುಪ್ಪಾದಂತೆ ಅದರೊಳಗಿನ ಲಿಗ್ನಿನ್ ಮತ್ತು ಸೆಲ್ಯುಲೋಸ್ ಒಡೆದು ಸಣ್ಣ ಪ್ರಮಾಣದಲ್ಲಿ ಹಬೆಗಳು ಹೊರಡುತ್ತವೆ. ವೆನಿಲ್ಲಾದ ಪರಿಮಳವನ್ನು ಹೋಲುವ ಅಂಶವೂ ಅದರಲ್ಲಿದೆ. ಇದು ಮುಪ್ಪಿನ ವಾಸನೆ, ಬೂಷ್ಟಿನದಲ್ಲ. ಬೂಷ್ಟಿನ ಪುಸ್ತಕವನ್ನು ಮಾತ್ರ ಬೇರೆಯಾಗಿಟ್ಟು, ಮುಚ್ಚಿದ ಡಬ್ಬಿಯಲ್ಲಿ ಇದ್ದಿಲಿನ ಬಟ್ಟಲಿನೊಂದಿಗೆ, ಒಂದಕ್ಕೊಂದು ತಾಗದಂತೆ ಕೆಲವು ದಿನ ಇಡಬಹುದು.

ಕೊನೆಯದು ಪೊಟ್ಟಣದ ದೋಷ. ಒಣ ಬಟ್ಟೆಯನ್ನೂ ಮಳೆಯ ಸಂಜೆಯಲ್ಲಿ ಪ್ಲಾಸ್ಟಿಕ್ಕಿನೊಳಗೆ ಬಿಗಿದರೆ ಆ ತೇವವೂ ಅದರೊಂದಿಗೇ ಪ್ರಯಾಣ ಮಾಡುತ್ತದೆ. ನನ್ನ ಆ ಆಷಾಢದ ಕೌದಿ ಕೆಟ್ಟದ್ದು ಬಹುಶಃ ದಾರಿಯಲ್ಲಿಯೇ. ಬಿಸಿಲಿದ್ದ ದಿನ ಒಣಗಿಸಿ, ನೆರಳಿನಲ್ಲಿ ಆರಲು ಬಿಟ್ಟು, ಮೊದಲು ಕಾಗದದಲ್ಲಿ ಸುತ್ತಿ, ಮಳೆಯ ರಕ್ಷಣೆಯನ್ನು ಹೊರಗಿನಿಂದ ಮಾಡಬೇಕು.

ದೂರು ಬಂದಾಗ

ಇಷ್ಟೆಲ್ಲ ಮಾಡಿದರೂ ದೂರು ಬರುತ್ತದೆ. ಆಗ ಮಾಡಬಾರದ ಮೊದಲ ಕೆಲಸವೆಂದರೆ ವಾದ. ಹರಿದದ್ದನ್ನು ಚಿತ್ರ ತೆಗೆದು ತೋರಿಸಬಹುದು, ವಾಸನೆಯನ್ನು ತೋರಿಸಲಾಗದು. ಕೊಂಡವರಲ್ಲಿ ಇರುವುದು ಅವರ ಮಾತು ಮಾತ್ರ. ಅದನ್ನೂ ನಾವು ನಂಬದಿದ್ದರೆ ಅವರಿಗೆ ಉಳಿಯುವುದು ಕಸದ ಗಾಡಿಯೊಂದೇ.

ಅಂದೇ ಉತ್ತರಿಸಬೇಕು. ತೊಂದರೆಯಾದದ್ದಕ್ಕೆ ವಿಷಾದ ಹೇಳಿ, ಮೂರು ಪ್ರಶ್ನೆಗಳನ್ನು ಕೇಳಬೇಕು: ವಾಸನೆ ಯಾವುದರಂತಿದೆ? ಪೊಟ್ಟಣ ಒದ್ದೆಯಾಗಿತ್ತೇ? ಮನೆಯಲ್ಲಿ ಎಳೆಗೂಸು, ಗರ್ಭಿಣಿ, ಉಬ್ಬಸದವರು ಇದ್ದಾರೆಯೇ? ಮೂರನೆಯದಕ್ಕೆ ಹೌದೆಂದರೆ ಬೇರೆ ಮಾತಿಲ್ಲ. ವಸ್ತುವನ್ನು ಮರಳಿ ಪಡೆದು, ಅಂಚೆಯ ವೆಚ್ಚವನ್ನೂ ನಾವೇ ಭರಿಸಿ ಹಣವನ್ನು ಹಿಂದಿರುಗಿಸಬೇಕು. ಇಲ್ಲವಾದರೆ ಆಯ್ಕೆಯನ್ನು ಅವರಿಗೇ ಬಿಡಬೇಕು: ಒಂದು ವಾರ ಗಾಳಿಗೆ ಹಾಕಿ ನೋಡುವಿರಾ, ಒಗೆಯುವ ಶ್ರಮಕ್ಕೆ ಬೆಲೆಯಲ್ಲಿ ಒಂದು ಪಾಲು ಮರಳಿಸೋಣವೇ, ಅಥವಾ ವಸ್ತುವನ್ನೇ ಹಿಂದಕ್ಕೆ ಕಳುಹಿಸುವಿರಾ? ಬಹಳ ಜನ ಮೊದಲ ಎರಡನ್ನೇ ಒಪ್ಪುವುದನ್ನು ನಾನು ಕಂಡಿದ್ದೇನೆ. ಅವರಿಗೆ ಮುಖ್ಯವಾಗಿ ಬೇಕಾಗಿರುವುದು ತಮ್ಮ ಮಾತನ್ನು ಯಾರಾದರೂ ಕೇಳಿಸಿಕೊಳ್ಳುವುದು.

ಸುಳ್ಳು ದೂರುಗಳೂ ಉಂಟು. ಅವನ್ನು ಬಿತ್ತಿದ ಕಾಳಿನಲ್ಲಿ ಹಕ್ಕಿ ತಿಂದ ಪಾಲೆಂದು ಲೆಕ್ಕಕ್ಕೆ ಹಿಡಿದು ಮುಂದೆ ಹೋಗಬೇಕು. ಒಬ್ಬರ ಸುಳ್ಳಿಗಾಗಿ ಹತ್ತು ಜನರ ನಿಜವನ್ನು ಸಂಶಯಿಸುವುದು ನಷ್ಟದ ವ್ಯಾಪಾರ.

ಕಾನೂನೂ ಇದನ್ನೇ ಹೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರಲ್ಲಿ ಬಂದ ಇ-ವಾಣಿಜ್ಯ ನಿಯಮಗಳ ಪ್ರಕಾರ, ಜಾಲತಾಣದ ಮೂಲಕ ಮಾರುವವರು ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಅದನ್ನು ಬಗೆಹರಿಸಬೇಕು. ವಿವರಣೆಗೆ ಹೊಂದದ ವಸ್ತುವನ್ನು ಮರಳಿ ಪಡೆಯಲು ನಿರಾಕರಿಸುವಂತಿಲ್ಲ. ಮನೆಯ ಹಳೆಯ ಮೇಜೊಂದನ್ನು ಎಂದೋ ಒಮ್ಮೆ ಮಾರುವವರಿಗೆ ಈ ನಿಯಮ ಅನ್ವಯಿಸದು; ನಮ್ಮಂತೆ ನಿರಂತರವಾಗಿ ಮಾರುವವರಿಗೆ ಅನ್ವಯಿಸುತ್ತದೆ. ಕೊಳ್ಳುವವರಿಗೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಇದೆ.

ಇಲ್ಲಿ "ವಿವರಣೆ" ಎಂಬ ಮಾತೇ ಮುಖ್ಯ. ನಾವೀಗ ಚಿತ್ರದ ಕೆಳಗೆ ಹೀಗೆ ಬರೆಯುತ್ತೇವೆ: "ಎಂಟು ಹಳೆಯ ಸೀರೆಗಳ ಕೌದಿ. ಸೌದೆ ಒಲೆಯಿರುವ ಮನೆಯಲ್ಲಿ ಹೊಲಿದದ್ದು. ಒಗೆದಿದೆ. ಹೊಗೆಯ ತೆಳುವಾದ ವಾಸನೆ ಉಳಿದಿದೆ. ಡಾಂಬರು ಗುಳಿಗೆ ಬಳಸಿಲ್ಲ." ಇದನ್ನು ಓದಿ ಕೊಳ್ಳದೆ ಹೋದವರಿದ್ದಾರೆ. ತಮ್ಮ ಅಜ್ಜಿಯ ಮನೆಯ ಹೊಗೆ ನೆನಪಾಗಿ ಕೊಂಡವರೂ ಇದ್ದಾರೆ. ಇಬ್ಬರಿಂದಲೂ ದೂರು ಬರಲಿಲ್ಲ.

ವಾಸನೆ ಮತ್ತು ಮರ್ಯಾದೆ

ಇನ್ನೊಂದು ಮಾತನ್ನು ಹೇಳದೆ ಮುಗಿಸಲಾರೆ. ನಮ್ಮ ಸಮಾಜದಲ್ಲಿ "ವಾಸನೆ ಬರುತ್ತದೆ" ಎಂಬುದು ಬರಿಯ ವರದಿಯಲ್ಲ. ಬಡವರನ್ನು, ಕೆಲವು ಜಾತಿಗಳವರನ್ನು ದೂರವಿಡಲು ಅದೇ ಮಾತನ್ನು ಬಳಸಿದ್ದೇವೆ. ಹಾಗಾಗಿ ಕೌದಿಗೆ ವಾಸನೆಯಿದೆ ಎಂದಾಗ ಹೊಲಿದವರಿಗೆ ತಮ್ಮನ್ನೇ ಅಂದಂತೆ ನೋವಾಗುತ್ತದೆ. ನನ್ನ ಸಿಟ್ಟಿನ ಬೇರೂ ಅಲ್ಲಿಯೇ ಇತ್ತೆಂದು ಈಗ ತಿಳಿಯುತ್ತದೆ. ನಡುವೆ ನಿಂತವರ ಕೆಲಸವೆಂದರೆ ಈ ಎರಡನ್ನೂ ಬೇರೆ ಮಾಡುವುದು. ವಸ್ತುವಿನ ದೋಷವನ್ನು ಪೂರ್ತಿಯಾಗಿ ಒಪ್ಪಿಕೊಳ್ಳಬೇಕು, ಮನುಷ್ಯರ ಮೇಲಿನ ಹೀನ ಮಾತನ್ನು ಒಪ್ಪಬಾರದು. ದೂರುಗಳನ್ನು ನಾನು ತಾಯಂದಿರಿಗೆ ಓದಿ ಹೇಳುವಾಗ "ಮೂರನೆಯ ಪದರ ಒಣಗಿರಲಿಲ್ಲ" ಎಂದು ಹೇಳುತ್ತೇನೆ. ಆಗ ಅದು ಕಲಿಯಬೇಕಾದ ಪಾಠವಾಗುತ್ತದೆ, ಅವಮಾನವಾಗುವುದಿಲ್ಲ. ಹಿಂದೂಗಳೂ ಮುಸಲ್ಮಾನರೂ ಒಟ್ಟಾಗಿ ನಡೆದುಕೊಳ್ಳುವ ಮೌನೇಶ್ವರನ ಊರಿನಲ್ಲಿ ಒಂದೇ ಕೌದಿಯೊಳಗೆ ಎಷ್ಟು ಮನೆಗಳ ಸೀರೆಗಳಿರುತ್ತವೆಯೋ ಹೇಳಲಾಗದು. ಒಗೆದು ಹೊಲಿದ ಮೇಲೆ ಯಾವುದು ಯಾರದೆಂದು ಯಾವ ಮೂಗಿಗೂ ತಿಳಿಯದು.

ಕಳೆದ ಮಳೆಗಾಲದಲ್ಲಿ ಒಂದು ಕೌದಿ ಮರಳಿ ಬಂದಿತು. ಹಸುಗೂಸಿರುವ ಮನೆ, ಡಾಂಬರು ಗುಳಿಗೆಯ ವಾಸನೆ. ನಮ್ಮ ಪರೀಕ್ಷೆಯಿಂದಲೂ ಅದು ತಪ್ಪಿಸಿಕೊಂಡಿತ್ತು. ಹಣ ಮರಳಿಸಿದೆವು. ಮೂರು ವಾರ ಪಡಸಾಲೆಯಲ್ಲಿ ತೂಗುಹಾಕಿ, ಒಗೆದು, ಮತ್ತೆ ಇಬ್ಬರಿಂದ ಮೂಸಿಸಿ ಬೇರೊಂದು ಮನೆಗೆ ಕಳುಹಿಸಿದೆವು. ಎರಡು ಸಲದ ಅಂಚೆಯ ವೆಚ್ಚ ನಮ್ಮ ಮೇಲೆಯೇ ಬಿದ್ದಿತು, ಆದರೆ ಕೌದಿ ಉಳಿಯಿತು. ಅದನ್ನು ಹಿಂದಿರುಗಿಸಿದ ಮನೆಯವರು ದೀಪಾವಳಿಗೆ ಇನ್ನೊಂದನ್ನು ಕೊಂಡರು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಹಳ್ಳಿಗಳ ಅಟ್ಟದ ಮೇಲೆ ಹಳೆಯ ಪೆಟ್ಟಿಗೆ, ಪುಸ್ತಕ, ಕಂಬಳಿಗಳಿವೆ. ಅವನ್ನು ಮಾರುವುದಾದರೆ ಮಾರಿ. ಮೊದಲು ನೆರೆಮನೆಯವರ ಮೂಗಿಗೆ ಒಪ್ಪಿಸಿ, ಕಂಡದ್ದನ್ನು ಕಂಡಂತೆ ಬರೆಯಿರಿ. ದೂರು ಬಂದರೆ ಅದನ್ನು ವಸ್ತುವನ್ನು ಉಳಿಸಿಕೊಳ್ಳಲು ಸಿಕ್ಕ ಕೊನೆಯ ಅವಕಾಶವೆಂದು ತಿಳಿದು ಉತ್ತರಿಸಿ. ಹಳೆಯ ವಸ್ತು ಬಾಳುವುದು ನೂಲಿನ ಗಟ್ಟಿತನದಿಂದಷ್ಟೇ ಅಲ್ಲ, ಅದನ್ನು ಕೊಟ್ಟವರ ಮಾತಿನ ಗಟ್ಟಿತನದಿಂದಲೂ ಹೌದು.