ಝಳ ಬೇರೆ, ಸೆಕೆ ಬೇರೆ

(ನಮ್ಮ ಸಂಘದ ಯುಗಾದಿ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಯುಗಾದಿಯ ಸಭೆಯಲ್ಲಿ ಸಾಹಿತ್ಯವನ್ನು ಕುರಿತೋ ನಾಡುನುಡಿಯನ್ನು ಕುರಿತೋ ಮಾತನಾಡುವುದು ನಮ್ಮಲ್ಲಿ ನಡೆದುಬಂದ ರೂಢಿ. ಈ ಬಾರಿ ಬೇಸಿಗೆಯನ್ನು ಕುರಿತು ಮಾತನಾಡುತ್ತೇನೆಂದು ನಾನು ಹೇಳಿದಾಗ ನಮ್ಮ ಕಾರ್ಯದರ್ಶಿಗಳು ನಕ್ಕರು. "ಅದರಲ್ಲಿ ಹೇಳುವುದಕ್ಕೇನಿದೆ, ಎಲ್ಲರೂ ಅನುಭವಿಸುವುದೇ ಅಲ್ಲವೇ?" ಎಂದರು. ಎಲ್ಲರೂ ಅನುಭವಿಸುತ್ತೇವೆ, ನಿಜ. ಆದರೆ ಅದನ್ನು ಬಲ್ಲೆವೆಂಬ ನಂಬಿಕೆಯೇ ಎಷ್ಟು ಅಪಾಯಕಾರಿ ಎಂಬುದನ್ನು ನಾನು ನನ್ನ ಮನೆಯಲ್ಲಿಯೇ ಕಲಿತೆ. ಅಲ್ಲಿಂದಲೇ ಆರಂಭಿಸುತ್ತೇನೆ.

2019ರ ಬೇಸಿಗೆ ನಿಮಗೆಲ್ಲ ನೆನಪಿದೆ. ಪೂಂಡಿ, ಚೋಳಾವರಂ, ಪುಳಲ್, ಚೆಂಬರಂಬಾಕ್ಕಂ, ಈ ನಾಲ್ಕೂ ಜಲಾಶಯಗಳು ಬತ್ತಿ, ಬೀದಿಬೀದಿಯಲ್ಲಿ ಬಿಂದಿಗೆಗಳ ಸಾಲು ನಿಂತಿದ್ದ ವರ್ಷ ಅದು. ಆ ಜೂನ್ ತಿಂಗಳಿನಲ್ಲಿ ನಮ್ಮ ಅವ್ವ ರಾಯಚೂರಿನಿಂದ ನಮ್ಮಲ್ಲಿಗೆ ಬಂದಿದ್ದರು. ವಯಸ್ಸು ಎಪ್ಪತ್ತೆರಡು. "ಸೆಕೆ ಹೆಚ್ಚು, ಜೋಪಾನ" ಎಂದರೆ ಅವರದು ಒಂದೇ ಉತ್ತರ: "ನಾ ರಾಯಚೂರಿನ ಬಿಸ್ಲು ಕಂಡಾಕಿ. ನಿಮ್ಮ ಈ ಊರಿನ ಬಿಸ್ಲು ನನಗ ಯಾವ ಲೆಕ್ಕ?"

ನಾವೆಲ್ಲ ಕೆಲಸಕ್ಕೆ ಹೋದ ಮೇಲೆ ಅವರು ತಮ್ಮ ಊರಿನಲ್ಲಿ ಮಾಡುತ್ತಿದ್ದುದನ್ನೇ ಇಲ್ಲಿಯೂ ಮಾಡಿದರು. ಕಿಟಕಿ ಬಾಗಿಲುಗಳನ್ನು ಭದ್ರವಾಗಿ ಮುಚ್ಚಿದರು. ಕಿಟಕಿಗೆ ಒದ್ದೆ ಸೀರೆಯನ್ನು ಇಳಿಬಿಟ್ಟರು. ಫ್ಯಾನು ಬಿಸಿಗಾಳಿ ಬೀಸುತ್ತದೆಂದು ಅದನ್ನೂ ನಿಲ್ಲಿಸಿದರು. ನೀರಿಗಾಗಿ ನಾವು ಪಡುತ್ತಿದ್ದ ಪಾಡನ್ನು ಕಂಡಿದ್ದರಿಂದ ಕುಡಿಯುವ ನೀರಿನಲ್ಲಿಯೂ ಉಳಿತಾಯ ಮಾಡಿದರು. ಮಧ್ಯಾಹ್ನ ಎರಡೂವರೆಗೆ ಪಾತ್ರೆ ತೊಳೆಯಲು ಬಂದ ಕೆಲಸದಾಕೆ ಬಾಗಿಲು ತೆರೆದಾಗ ಅವ್ವನಿಗೆ ತಾನೆಲ್ಲಿದ್ದೇನೆಂಬುದೇ ತಿಳಿಯುತ್ತಿರಲಿಲ್ಲ. ಆಕೆ ಮೊದಲು ಮಾಡಿದ ಕೆಲಸವೆಂದರೆ ಒದ್ದೆ ಸೀರೆಯನ್ನು ಕಿತ್ತು ಬಿಸಾಡಿ ಎದುರುಬದುರಿನ ಕಿಟಕಿಗಳನ್ನು ತೆರೆದದ್ದು. ಆಮೇಲೆ ಫ್ಯಾನು ಹಾಕಿ, ಅವ್ವನನ್ನು ಅದರ ಕೆಳಗೆ ಮಲಗಿಸಿ, ಕುತ್ತಿಗೆ ಕಂಕುಳುಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತ ನನಗೆ ಫೋನು ಮಾಡಿದರು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಅವ್ವ ಬದುಕಿ ಬಂದರು. ಆ ಹೆಣ್ಣುಮಗಳು ನನಗೆ ಹೇಳಿದ ಮಾತು ಇಷ್ಟೇ: "ಇಂಗೆ ಕಾತ್ತು ವೇಣುಂ, ಸಾರ್." ಇಲ್ಲಿ ಗಾಳಿ ಬೇಕು.

ಅವ್ವನ ವಿದ್ಯೆ ಸುಳ್ಳಾಗಿರಲಿಲ್ಲ. ಅದು ಬೇರೆ ಊರಿನ ವಿದ್ಯೆಯಾಗಿತ್ತು. ಇದರ ಮರ್ಮವನ್ನು ಸ್ವಲ್ಪ ವಿವರವಾಗಿ ನೋಡೋಣ.

ನಮ್ಮ ದೇಹ ತಣ್ಣಗಾಗುವುದು ಬೆವರು ಸುರಿದದ್ದರಿಂದಲ್ಲ, ಆ ಬೆವರು ಆರಿದ್ದರಿಂದ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಮೈಯಿಂದ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಆರದೆ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ವ್ಯರ್ಥ. ಅದರಿಂದ ನೀರೂ ಉಪ್ಪೂ ಹೋಗುತ್ತವೆ, ಶಾಖ ಮಾತ್ರ ಉಳಿಯುತ್ತದೆ. ಉಷ್ಣಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಅದು ಎಷ್ಟರಮಟ್ಟಿಗೆ ಇಳಿಯುತ್ತದೆಯೋ ಅದೇ ಆ ಗಾಳಿ ನಮಗೆ ಕೊಡಬಲ್ಲ ತಂಪಿನ ಎಲ್ಲೆ. ರಾಯಚೂರಿನಂಥ ಒಣಹವೆಯಲ್ಲಿ 42 ಡಿಗ್ರಿ ಬಿಸಿಯಿದ್ದು ಗಾಳಿಯಲ್ಲಿ ಶೇಕಡಾ 20ರಷ್ಟು ತೇವವಿದ್ದರೆ ಒದ್ದೆ ಬುಡದ ಮಾಪಕ ಸುಮಾರು 24 ಡಿಗ್ರಿಗೆ ಇಳಿಯುತ್ತದೆ. ಚೆನ್ನೈಯಲ್ಲಿ 36 ಡಿಗ್ರಿ ಬಿಸಿ, ಶೇಕಡಾ 65 ತೇವವಿರುವ ದಿನ ಅದು 30 ಡಿಗ್ರಿಯಲ್ಲಿಯೇ ನಿಂತುಬಿಡುತ್ತದೆ. ಪತ್ರಿಕೆಯಲ್ಲಿ ಅಚ್ಚಾಗುವ ಅಂಕಿಯನ್ನು ನೋಡಿದರೆ ರಾಯಚೂರು ಆರು ಡಿಗ್ರಿ ಮುಂದೆ. ಮೈಯನ್ನು ಕೇಳಿದರೆ ಚೆನ್ನೈ ಆರು ಡಿಗ್ರಿ ಮುಂದೆ. ಈ ಒದ್ದೆ ಬುಡದ ಅಂಕಿ 35 ಮುಟ್ಟಿದರೆ ಮನುಷ್ಯದೇಹ ನೆರಳಿನಲ್ಲಿ ಕುಳಿತರೂ ತಾಳಲಾರದೆಂದು 2010ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಆರೋಗ್ಯವಂತ ತರುಣರಲ್ಲಿಯೂ ಸುಮಾರು 31ರ ಆಸುಪಾಸಿನಲ್ಲಿಯೇ ಕಷ್ಟ ಆರಂಭವಾಗುತ್ತದೆಂದು 2022ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗಗಳು ತೋರಿಸಿದವು. ಮುದುಕರ ಮಾತು ಬೇರೆ ಹೇಳಬೇಕಾಗಿಲ್ಲ. ಅವರಿಗೆ ಬಾಯಾರಿಕೆಯ ಅರಿವೂ ಕಡಿಮೆ.

ಆದುದರಿಂದಲೇ ಒಣನಾಡಿನಲ್ಲಿ ಒದ್ದೆ ಬಟ್ಟೆಯೂ ಲಾವಂಚದ ಚಾಪೆಯೂ ತಂಪು ಕೊಡುತ್ತವೆ. ಹಗಲು ಬಾಗಿಲು ಮುಚ್ಚಿ ದಪ್ಪ ಗೋಡೆಯ ಒಳಗಿದ್ದು, ರಾತ್ರಿ ಮಾಳಿಗೆಯ ಮೇಲೆ ಮಲಗುವುದು ಅಲ್ಲಿ ಸರಿಯಾದ ಕ್ರಮ; ಒಣಗಾಳಿಯ ಇರುಳಿನಲ್ಲಿ ನೆಲದ ಶಾಖ ಆಕಾಶಕ್ಕೆ ಹೊರಟುಹೋಗುತ್ತದೆ. ಕಡಲತೀರದಲ್ಲಿ ಅದೇ ಕ್ರಮ ತಿರುಗುಬಾಣವಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ನೇತುಹಾಕಿದ ಒದ್ದೆ ಸೀರೆ ಗಾಳಿಗೆ ಇನ್ನಷ್ಟು ತೇವ ತುಂಬುತ್ತದೆ. ಮೇ ತಿಂಗಳಿನಲ್ಲಿ ಇಲ್ಲಿಯ ಇರುಳು ಸಾಮಾನ್ಯವಾಗಿ 28 ಡಿಗ್ರಿಗಿಂತ ಹೆಚ್ಚು ಕೆಳಗಿಳಿಯುವುದೂ ಇಲ್ಲ. ಇಲ್ಲಿ ಬೇಕಾದದ್ದು ಹಾಯುವ ಗಾಳಿ. ನಮ್ಮ ಕರಾವಳಿಯವರಿಗೆ ಇದು ಹೊಸ ಮಾತಲ್ಲ. ಮಂಗಳೂರು ಹಂಚಿನ ಇಳಿಜಾರು ಮಾಡು, ಹಂಚಿನ ಸಂದಿಯಲ್ಲಿ ಹೊರಬೀಳುವ ಬಿಸಿಗಾಳಿ, ಸುತ್ತಲಿನ ಜಗಲಿ, ಮಧ್ಯಾಹ್ನದ ಪುನರ್ಪುಳಿ ಪಾನಕ, ಇವೆಲ್ಲ ಸೆಕೆಯ ನಾಡಿನ ವಿದ್ಯೆ. ನಮ್ಮ ಭಾಷೆಯೇ ಈ ಭೇದವನ್ನು ಬಲ್ಲದು. ಝಳ ಬೇರೆ, ಸೆಕೆ ಬೇರೆ. ತಮಿಳರಲ್ಲಿಯೂ ವೆಯಿಲ್ ಬೇರೆ, ಪುಳುಕ್ಕಂ ಬೇರೆ. ಹವಾಮಾನ ಇಲಾಖೆಯೂ ಬಯಲಿನಲ್ಲಿ 40 ಡಿಗ್ರಿಯಾಗದೆ ಉಷ್ಣ ಅಲೆಯ ಮಾತೆತ್ತುವುದಿಲ್ಲ. ಕರಾವಳಿಗೆ ಆ ಮಿತಿಯನ್ನು 37ಕ್ಕೆ ಇಳಿಸಿದೆ.

ಆಕಾಶವನ್ನು ಓದುವುದರಲ್ಲಿಯೂ ಇಂಥದೊಂದು ಭೇದವಿದೆ. ಸೂರ್ಯ ಭರಣಿ, ಕೃತ್ತಿಕೆ, ರೋಹಿಣಿಗಳಲ್ಲಿ ಸಂಚರಿಸುವ ಕಾಲವನ್ನು ಕನ್ನಡದ ರೈತ ಭರಣಿ ಮಳೆ, ಕೃತ್ತಿಕೆ ಮಳೆ, ರೋಹಿಣಿ ಮಳೆ ಎಂದು ಕರೆದು ಬಿತ್ತನೆಗೆ ಕಾಯುತ್ತಾನೆ. ಅದೇ ಮೇ ತಿಂಗಳ 4ರಿಂದ 28ರ ಸುಮಾರಿನ ಅವಧಿಯನ್ನು ತಮಿಳರು ಅಗ್ನಿ ನಕ್ಷತ್ರ, ಕತ್ತಿರಿ ಎಂದು ಕರೆದು ಹೊರಗೆ ತಿರುಗಬೇಡಿರೆಂದು ಎಚ್ಚರಿಸುತ್ತಾರೆ. ನಕ್ಷತ್ರಗಳು ಅವೇ, ನಿಂತ ನೆಲ ಬೇರೆ. ಈ ಊರಿಗೆ ಆ ದಿನಗಳಲ್ಲಿ ದೇವರೆಂದರೆ ಮಧ್ಯಾಹ್ನದ ಕಡಲಗಾಳಿ. ಪಡುವಣ ಗಾಳಿ ಬಲವಾಗಿ ಅದನ್ನು ತಡೆದ ದಿನ ಪಾದರಸ ಏರುತ್ತಲೇ ಹೋಗುತ್ತದೆ. 2003ರ ಮೇ ತಿಂಗಳ ಕೊನೆಯಲ್ಲಿ ನುಂಗಂಬಾಕ್ಕಂನಲ್ಲಿ 45 ಡಿಗ್ರಿ ದಾಖಲಾಗಿತ್ತು.

ಇನ್ನು ಎರಡನೆಯ ಪಾಠ. ಅವ್ವ ಮನೆಗೆ ಬಂದ ಮೇಲೆ ಕೃತಜ್ಞತೆ ಹೇಳಲು ಆ ಹೆಣ್ಣುಮಗಳ ಮನೆಗೆ ಹೋದೆ. ಒಂದೇ ಕೋಣೆ, ತಗಡಿನ ಮಾಡು, ಒಂದು ಕಿಟಕಿ. ಸಂಜೆ ಆರಾದರೂ ಆ ತಗಡು ಮುಟ್ಟುವಂತಿರಲಿಲ್ಲ. ಆಕೆ ದಿನಕ್ಕೆ ನಾಲ್ಕು ಮನೆಗಳ ಅಡುಗೆಮನೆಯಲ್ಲಿ ದುಡಿದು, ಇರುಳು ಮಲಗುವುದು ಈ ಒಲೆಯೊಳಗೆ. ಏಳು ವರ್ಷ ನಮ್ಮಲ್ಲಿ ದುಡಿದವರ ತಲೆಯ ಮೇಲಿನ ಮಾಡು ಎಂಥದೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಈ ಮಾತನ್ನು ತುಂಬಿದ ಸಭೆಯಲ್ಲಿ ಹೇಳುವುದು ನನಗೆ ಸುಲಭವಲ್ಲ.

ತಂಪು ಎಂಬುದು ಈ ಊರಿನಲ್ಲಿ ಬಹುಕಾಲದಿಂದ ಹಣವಿದ್ದವರ ಸೊತ್ತು. ಮದರಾಸಿನ ಗವರ್ನರರು ಬೇಸಿಗೆ ಬಂದರೆ ಸರಕಾರವನ್ನೇ ಉದಕಮಂಡಲಕ್ಕೆ ಸಾಗಿಸುತ್ತಿದ್ದರು. ಅಮೆರಿಕದ ಕೆರೆಗಳಲ್ಲಿ ಕೊರೆದ ಮಂಜುಗಡ್ಡೆ ಹಡಗಿನಲ್ಲಿ ಬಂದು ಮರೀನಾದ ಎದುರಿನ ಐಸ್ ಹೌಸಿನಲ್ಲಿ ಶೇಖರವಾಗುತ್ತಿತ್ತು. 1842ರ ಆ ಕಟ್ಟಡ ಇಂದು ವಿವೇಕಾನಂದರ್ ಇಲ್ಲಂ ಆಗಿ ನಿಂತಿದೆ. ಇಂದು ನಾವು ಗೋಡೆಗೆ ಯಂತ್ರ ಬಿಗಿದು ನಮ್ಮ ಕೋಣೆಯ ಶಾಖವನ್ನು ಬೀದಿಗೆ ಸುರಿಯುತ್ತೇವೆ. ಬೀದಿಯಲ್ಲಿರುವವರು ಯಾರು? ತಳ್ಳುಗಾಡಿಯವರು, ಕಟ್ಟಡ ಕೆಲಸದವರು, ಊಟದ ಪೊಟ್ಟಣ ಹೊತ್ತು ಓಡಾಡುವ ಹುಡುಗರು.

ಇದು ಬರಿಯ ಭಾವುಕತೆಯ ಮಾತಲ್ಲ. ಇದೇ ಊರಿನ ಶ್ರೀ ರಾಮಚಂದ್ರ ಸಂಸ್ಥೆಯ ಸಂಶೋಧಕರು ತಮಿಳುನಾಡಿನ 800 ಗರ್ಭಿಣಿಯರನ್ನು ಅಧ್ಯಯನ ಮಾಡಿ 2024ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅತಿ ಬಿಸಿಯಲ್ಲಿ ದುಡಿಯುವ ಹೆಂಗಸರಿಗೆ ಗರ್ಭಪಾತದ ಅಪಾಯ ಇಮ್ಮಡಿಯೆಂದು ಕಂಡುಬಂದಿತು. ಅದೇ ವರ್ಷದ ಅಕ್ಟೋಬರ್ 6ರಂದು ಮರೀನಾದಲ್ಲಿ ವಾಯುಪಡೆಯ ಪ್ರದರ್ಶನ ನೋಡಲು ನೆರೆದ ಜನಸಾಗರದಲ್ಲಿ ಐದು ಮಂದಿ ಪ್ರಾಣ ಬಿಟ್ಟರು. ಅದು ಮೇ ತಿಂಗಳಲ್ಲ, ಅಕ್ಟೋಬರ್ ಎಂಬುದನ್ನು ಗಮನಿಸಬೇಕು. ಆ ತಿಂಗಳಲ್ಲಿಯೇ ತಮಿಳುನಾಡು ಸರಕಾರ ಉಷ್ಣ ಅಲೆಯನ್ನು ರಾಜ್ಯದ ವಿಪತ್ತೆಂದು ಘೋಷಿಸಿ, ಸತ್ತವರ ಕುಟುಂಬಕ್ಕೆ 4 ಲಕ್ಷ ರೂಪಾಯಿ ಪರಿಹಾರವನ್ನು ಗೊತ್ತುಮಾಡಿತು. ಸ್ವಾಗತಾರ್ಹವೇ. ಆದರೆ ಪರಿಹಾರ ಸಾವಿನ ನಂತರದ್ದು. ಸಾವಿಗೆ ಮುಂಚಿನದು ನೀರು, ನೆರಳು, ವಿರಾಮ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳೊಂದರಲ್ಲಿಯೇ ಎಂದಿಗಿಂತ 1,344 ಸಾವುಗಳು ಹೆಚ್ಚಾಗಿದ್ದವೆಂದು ಲೆಕ್ಕ ಸಿಕ್ಕಿತು. ಆ ನಗರ 2013ರಲ್ಲಿ ದಕ್ಷಿಣ ಏಷ್ಯಾದಲ್ಲಿಯೇ ಮೊದಲ ಉಷ್ಣ ಕ್ರಿಯಾಯೋಜನೆಯನ್ನು ರೂಪಿಸಿತು. ಕರ್ನಾಟಕ ಸರಕಾರ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಏಪ್ರಿಲ್, ಮೇ ತಿಂಗಳುಗಳಲ್ಲಿ ಕಚೇರಿಯ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದುಂಟು. ಗುಮಾಸ್ತರಿಗೆ ಸಲ್ಲುವ ಈ ಕನಿಕರ ಕೂಲಿಯವನಿಗೆ ಏಕೆ ಸಲ್ಲಬಾರದು?

ನಾವು ಕನ್ನಡಿಗರು ಈ ಪ್ರಶ್ನೆಯಿಂದ ದೂರ ನಿಲ್ಲುವಂತಿಲ್ಲ. ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಈ ಊರಿಗೆ ಬಂದ ನಮ್ಮ ಹಿರಿಯರು ಮೊದಲು ನಿಂತದ್ದೇ ಒಲೆಯ ಮುಂದೆ. ಅಡುಗೆಮನೆಯ ಸಣ್ಣ ಕೆಲಸದಿಂದ ಮೇಲೆ ಬಂದ ಕೆ. ಕೃಷ್ಣರಾಯರು 1938ರಲ್ಲಿ ವುಡ್‌ಲ್ಯಾಂಡ್ಸ್ ಹೊಟೇಲನ್ನು ತೆರೆದರು. ಇಂದು ಆ ಒಲೆಗಳ ಮುಂದೆ ಬೇರೆ ರಾಜ್ಯಗಳ ಹುಡುಗರು ನಿಂತಿದ್ದಾರೆ. ಅವರೂ ನಮ್ಮಂತೆಯೇ ಹೊರನಾಡಿಗರು. ಮಳಿಗೆಗಳ ನೌಕರರಿಗೆ ಕುಳಿತುಕೊಳ್ಳಲು ಆಸನ ಕೊಡಬೇಕೆಂದು 2021ರಲ್ಲಿ ತಮಿಳುನಾಡು ಕಾನೂನನ್ನೇ ತಿದ್ದಿತು. ಆ ಮರ್ಯಾದೆ ಅಡುಗೆಮನೆಯ ಒಳಕ್ಕೂ ಹೋಗಬೇಕು.

ಆದುದರಿಂದ ಸಂಘದ ಮುಂದೆ ಮೂರು ಸಲಹೆಗಳನ್ನು ಇಡುತ್ತೇನೆ. ಮೊದಲನೆಯದು, ನಮ್ಮ ಬಾಗಿಲಲ್ಲಿ ಒಂದು ಅರವಟಿಗೆ. ತಮಿಳರು ತಣ್ಣೀರ್ ಪಂದಲ್ ಎಂದು ಕರೆಯುವ ಇದು ನಮಗೆ ಪರಕೀಯವಲ್ಲ. ಅರವಂಟಿಗೆ ಎಂಬ ಹೆಸರಿನಲ್ಲಿ ನಮ್ಮ ಶಾಸನಗಳಷ್ಟೇ ಹಳೆಯದು. ನೀರು, ಉಪ್ಪು ಹಾಕಿದ ನೀರುಮಜ್ಜಿಗೆ, ಜತೆಗೆ ಈ ಸಭಾಂಗಣದ ಬಾಗಿಲನ್ನು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ದಾರಿಹೋಕರೆಲ್ಲರಿಗೆ ತೆರೆದಿಡುವುದು. ವರ್ಷದ ಬಹುಪಾಲು ಮಧ್ಯಾಹ್ನಗಳಲ್ಲಿ ಈ ಫ್ಯಾನುಗಳು ಖಾಲಿ ಕುರ್ಚಿಗಳ ಮೇಲೆ ಸುಮ್ಮನೆ ನೇತಾಡುತ್ತಿರುತ್ತವೆ. ಎರಡನೆಯದು, ಒಂಟಿಯಾಗಿರುವ ನಮ್ಮ ಹಿರಿಯರ ಪಟ್ಟಿಯೊಂದನ್ನು ಮಾಡಿ, ಕತ್ತಿರಿಯ ದಿನಗಳಲ್ಲಿ ಪ್ರತಿ ಮಧ್ಯಾಹ್ನ ಯಾರಾದರೊಬ್ಬರು ಫೋನು ಮಾಡುವುದು. ಕೇಳಬೇಕಾದದ್ದು ಎರಡೇ: ನೀರು ಕುಡಿದಿರಾ, ಕಿಟಕಿ ತೆರೆದಿದೆಯೇ? ಮೂರನೆಯದು, ಸಂಘದ ಸದಸ್ಯರಾದ ಹೊಟೇಲು ಮಾಲೀಕರು ಅಡುಗೆಯವರಿಗೆ ಗಂಟೆಗೊಮ್ಮೆ ವಿರಾಮ, ಕುಡಿಯುವ ನೀರು, ಶಾಖವನ್ನು ಹೊರಹಾಕುವ ಫ್ಯಾನು, ಇಷ್ಟನ್ನು ತಾವಾಗಿಯೇ ಒಪ್ಪಿಕೊಳ್ಳುವುದು. ಹಾಗೆಯೇ ನಾವೆಲ್ಲ ನಮ್ಮ ಮನೆಗೆಲಸದವರಿಗೆ ಮಧ್ಯಾಹ್ನದ ಬದಲು ಬೆಳಗಿನ ಹೊತ್ತನ್ನು ಬಿಟ್ಟುಕೊಡುವುದು.

ನಾವು ಈ ಊರಿಗೆ ಬಂದು ಬಸ್ಸಿಗೆ, ಸಂತೆಗೆ, ಕಚೇರಿಗೆ ಬೇಕಾದಷ್ಟು ತಮಿಳನ್ನು ಕಲಿತೆವು. ಊರಿನ ಸೆಕೆಯನ್ನು ಕಲಿಯಲಿಲ್ಲ. ಕಲಿಸಬಲ್ಲವರು ದಿನವೂ ನಮ್ಮ ಮನೆಯ ಬಾಗಿಲು ತಟ್ಟಿ ಒಳಗೆ ಬರುತ್ತಿದ್ದರು, ನಾವು ಕೇಳಲಿಲ್ಲ. ಅವ್ವ ಆ ನಂತರ ಬೇಸಿಗೆಯಲ್ಲಿ ಇತ್ತ ಬರಲಿಲ್ಲ. ಆದರೆ ಊರಿನಿಂದ ಫೋನು ಮಾಡಿದಾಗಲೆಲ್ಲ ಅವರು ಮೊದಲು ಕೇಳುವುದು ನನ್ನ ಯೋಗಕ್ಷೇಮವನ್ನಲ್ಲ. "ಆಕಿ ಮನಿ ತಗಡು ತೆಗಿಸಿದ್ಯೋ ಇಲ್ಲೋ?" ಎಂದು ಕೇಳುತ್ತಾರೆ. ಕಳೆದ ವರ್ಷ ಆ ತಗಡಿನ ಮೇಲೆ ತೆಂಗಿನ ಗರಿ ಹೊದಿಸಿ, ಗೋಡೆಯಲ್ಲಿ ಎರಡನೆಯ ಕಿಟಕಿಯೊಂದನ್ನು ಒಡೆಸಿದ್ದೇವೆ. ತಗಡು ಇನ್ನೂ ಅಲ್ಲಿಯೇ ಇದೆ. ಆದ್ದರಿಂದ ಅವ್ವನಿಗೆ ನಾನಿನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ.