ಸಾವುಕಾರನ ಕಾಗದ, ಶಾಲೆಯ ಅಕ್ಷರ



ಈ ಶಾಲೆಯ ಹಳೆಯ ವಿದ್ಯಾರ್ಥಿಯಾಗಿ ನಾನು ಇಂದು ಒಂದು ಹಳೆಯ ಸಿನಿಮಾದ ವಿಷಯ ಹೇಳುತ್ತೇನೆ.

ನಮ್ಮ ಕೊಗನೊಳ್ಳಿಯಿಂದ ಹೆದ್ದಾರಿ ಹಿಡಿದರೆ ಕೊಲ್ಲಾಪುರ ದೂರವಿಲ್ಲ. ಅಲ್ಲಿಯ ಬಾಬುರಾವ್ ಪೇಂಟರ್ ಅವರು 1925ರಲ್ಲಿ ‘ಸಾವಕಾರಿ ಪಾಶ’ ಎಂಬ ಮೂಕಿ ಚಿತ್ರ ತೆಗೆದರು. ಸಾವುಕಾರನ ಉರುಲು ಎಂದು ಅದರ ಅರ್ಥ. ಕಥೆ ಮರಾಠಿ ಕಾದಂಬರಿಕಾರ ನಾರಾಯಣ ಹರಿ ಆಪ್ಟೆ ಅವರದು. ಮುಂದೆ ಹೆಸರಾಂತ ನಿರ್ದೇಶಕರಾದ ವಿ. ಶಾಂತಾರಾಮ್ ಅದರಲ್ಲಿ ಯುವ ರೈತನಾಗಿದ್ದರು. ಆ ರೈತ ಸಾಲದಲ್ಲಿ ಹೊಲ ಕಳೆದುಕೊಂಡು, ಊರು ಬಿಟ್ಟು, ಪಟ್ಟಣದ ಗಿರಣಿ ಸೇರುತ್ತಾನೆ. ಪುರಾಣದ ಕಥೆಗಳೇ ಹೆಚ್ಚಾಗಿದ್ದ ಕಾಲದಲ್ಲಿ ಬಡ ರೈತನೊಬ್ಬ ಪರದೆಗೆ ಬಂದ. 1936ರಲ್ಲಿ ಪೇಂಟರ್ ಅದೇ ಕಥೆಯನ್ನು ಮಾತಿನ ಚಿತ್ರವಾಗಿಯೂ ತೆಗೆದರು.

ಮೂಕಿ ಚಿತ್ರದಲ್ಲಿ ಮಾತು ಪರದೆಯ ಮೇಲೆ ಅಕ್ಷರವಾಗಿ ಬರುತ್ತಿತ್ತು. ಓದು ಬಾರದವರಿಗೆ ಬಲ್ಲವರು ಓದಿ ಹೇಳಬೇಕಿತ್ತು. ಸಿನಿಮಾದಲ್ಲಿ ಅದು ನಡೆದೀತು. ಆದರೆ ಸಾಲದ ಕಾಗದವನ್ನು ಸಾವುಕಾರನೇ ಓದಿ ಹೇಳಿದರೆ ಹೊಲ ಉಳಿದೀತೆ?

ಹೆಬ್ಬೆಟ್ಟು ಒತ್ತುತ್ತಿದ್ದ ಮನೆಗಳ ಮಕ್ಕಳಿಗೆ ಈ ಶಾಲೆ 50 ವರ್ಷಗಳಿಂದ ಅಕ್ಷರ ಕೊಟ್ಟಿದೆ. ಆದರೂ ಇಂದಿಗೂ ಸಾಲದ ಕಾಗದವನ್ನು ಓದದೆ ಸಹಿ ಮಾಡುವವರು ನಮ್ಮಲ್ಲಿದ್ದಾರೆ. ಮಕ್ಕಳೆ, ಮನೆಗೆ ಬಂದ ಕಾಗದವನ್ನು ಮೊದಲು ಅಪ್ಪ-ಅವ್ವನಿಗೆ ನೀವು ಓದಿ ಹೇಳಿರಿ. ಸಹಿ ಆಮೇಲೆ ಆಗಲಿ. ಗುರುಗಳ ಋಣ ತೀರಿಸುವ ದಾರಿ ಇದೇ ಎಂದು ನಾನು ನಂಬಿದ್ದೇನೆ.